ವ್ಯಾನಿನ ರಿಜಿಸ್ಟ್ರೇಶನ್ ಖರ್ಚು

ನಾಲ್ಕನೆಯ ಸಲ ಹಣ ಕೇಳಿದಾಗ ರುಕಿಯಾ ಚೆಕ್ಕಿಗೆ ಸಹಿ ಹಾಕಿದಳು. ಆದರೆ ಅದನ್ನು ತಕ್ಷಣ ಗಂಡನ ಕೈಗೆ ಕೊಡಲಿಲ್ಲ.

“ಈಗ ಎಂತಕ್ಕೆ?” ಎಂದು ಕೇಳಿದಳು.

“ರಿಜಿಸ್ಟ್ರೇಶನ್‌ದೇ. ಒಂಬತ್ತು ಸಾವಿರ. ಬಾಡಿ ಬದಲಾಯಿಸಿದ್ದಕ್ಕೆ ಬೇರೆ ತೆರಿಗೆ ಉಂಟಂತೆ,” ಎಂದ ಹಸೈನಾರ್, ಅಂಗಿಯ ಗುಂಡಿ ಹಾಕುತ್ತ.

“ಹೋದ ತಿಂಗಳು ಆರು ಸಾವಿರ ತೆಗೊಂಡದ್ದೂ ಬಾಡಿ ಬದಲಾಯಿಸಿದ್ದಕ್ಕೇ ಅಲ್ವಾ?”

“ಅದು ದಂಡ. ತಡ ಆಯ್ತಲ್ಲ, ಅದಕ್ಕೆ.”

ಅವನು ಅವಳ ಮುಖ ನೋಡಲಿಲ್ಲ. ರುಕಿಯಾ ಚೆಕ್ಕು ಕೊಟ್ಟಳು. ಅವನು ಬಸ್ಸಿಗೆ ಹೋದ ಮೇಲೆ ಪಾಸ್‌ಬುಕ್ಕು ತೆರೆದು ಕುಳಿತಳು. ಮೊದಲು ಹದಿನಾಲ್ಕು ಸಾವಿರ, ಆಮೇಲೆ ಐದು, ಆರು, ಈಗ ಒಂಬತ್ತು. ವ್ಯಾನಿಗೆ ಕೊಟ್ಟದ್ದೇ ಐವತ್ತೈದು ಸಾವಿರ. ಅದನ್ನು ರಸ್ತೆಗೆ ಇಳಿಸುವುದಕ್ಕೆ ಮೂವತ್ತನಾಲ್ಕು ಸಾವಿರವೇ?

ಹಸೈನಾರ್ ಸೌದಿಯ ದಮಾಮಿನಲ್ಲಿ ಇಪ್ಪತ್ತೊಂದು ವರ್ಷ ಒಂದೇ ಮನೆಯವರ ಡ್ರೈವರ್ ಆಗಿದ್ದ. ಚಳಿಗಾಲ ಬಂತೆಂದರೆ ಆ ಮನೆಯವರು ಹಾಸಿಗೆ, ಒಲೆ, ನೀರಿನ ಟಾಂಕಿ ಎಲ್ಲ ಇದ್ದ ದೊಡ್ಡ ವ್ಯಾನಿನಲ್ಲಿ ಮರಳುಗಾಡಿಗೆ ಹೋಗಿ ವಾರಗಟ್ಟಲೆ ಇರುತ್ತಿದ್ದರು. ಓಡಿಸುತ್ತಿದ್ದವನು ಇವನು, ಒಳಗೆ ಮಲಗುತ್ತಿದ್ದವರು ಅವರು. ೨೦೦೧ರಲ್ಲಿ ವಿಟ್ಲಕ್ಕೆ ಮರಳಿದ ಮೇಲೆ ಅವನು ಮಾಡಿದ ಮೊದಲ ಕೆಲಸವೆಂದರೆ ಮೂಡಬಿದ್ರಿಯ ಶಾಲೆಯೊಂದು ಮಾರುತ್ತಿದ್ದ ಹಳೆಯ ವ್ಯಾನು ಕೊಂಡದ್ದು. ಅಲ್ಲಿಯೇ ನೋಣಯ್ಯ ಎಂಬವರ ಗ್ಯಾರೇಜಿನಲ್ಲಿ ನಿಲ್ಲಿಸಿ, ಸೀಟು ಕಿತ್ತು, ಎರಡು ಹಾಸಿಗೆ, ಸಣ್ಣ ಅಡುಗೆ ಕಟ್ಟೆ, ತಲೆಯ ಮೇಲಿನ ಮಾಡಿನಲ್ಲಿ ಗಾಳಿಕಂಡಿ ಮಾಡಿಸುವುದೆಂದು ಹೊರಟ. “ಮುಗಿದ ಮೇಲೆ ನಿನ್ನನ್ನು ಕರ್ಕೊಂಡು ಹೋಗಿ ತೋರಿಸ್ತೇನೆ,” ಎಂದಿದ್ದ. ಹಾಗೆ ಹೇಳಿ ಎಂಟು ತಿಂಗಳಾಗಿತ್ತು. ರುಕಿಯಾ ವ್ಯಾನನ್ನು ಇನ್ನೂ ಕಣ್ಣಿಂದ ನೋಡಿರಲಿಲ್ಲ.

ಕಾಗದಪತ್ರದ ಕೆಲಸ ಹಿಡಿದುಕೊಂಡವನು ಬಿ.ಸಿ. ರೋಡಿನ ಏಜೆಂಟ್ ಕಮಲಾಕ್ಷ, ಶಾಲೆಯಲ್ಲಿ ಹಸೈನಾರನ ಜೊತೆ ಕಲಿತವನು. ಹಳೆಯ ಗೆಳೆತನವೆಂದು ಗಂಡ ಲೆಕ್ಕ ಕೇಳುತ್ತಿಲ್ಲ, ಅದನ್ನೇ ಹಿಡಿದು ಕಮಲಾಕ್ಷ ಹಿಂಡುತ್ತಿದ್ದಾನೆ ಎಂದು ರುಕಿಯಾ ತೀರ್ಮಾನಿಸಿದಳು. ಇಪ್ಪತ್ತೊಂದು ವರ್ಷ ಗಂಡ ಕಳಿಸಿದ ಡ್ರಾಫ್ಟಿನಲ್ಲಿ ಮನೆ ಕಟ್ಟಿಸಿ, ಮಗಳ ಮದುವೆ ಮಾಡಿದವಳು ಅವಳು. ಒಂದು ಚೀಲ ಸಿಮೆಂಟಿಗೂ ರಸೀದಿ ತೆಗೆದಿಟ್ಟಿದ್ದಳು.

ಮರುದಿನ ಬೆಳಿಗ್ಗೆ ಅವಳು ಒಬ್ಬಳೇ ಬಿ.ಸಿ. ರೋಡಿನ ಬಸ್ಸು ಹತ್ತಿದಳು. ಕಮಲಾಕ್ಷನ ಕೋಣೆ ಝೆರಾಕ್ಸ್ ಅಂಗಡಿಯ ಮಹಡಿಯಲ್ಲಿತ್ತು. ಮೂವರು ಗಿರಾಕಿಗಳು ಬೆಂಚಿನಲ್ಲಿ ಕುಳಿತಿದ್ದರು.

“ಬನ್ನಿ ಅಕ್ಕ, ಕೂತ್ಕೊಳ್ಳಿ,” ಎಂದು ಕಮಲಾಕ್ಷ ಎದ್ದು ತನ್ನ ಕುರ್ಚಿಯನ್ನೇ ಮುಂದೆ ತಳ್ಳಿದ.

ರುಕಿಯಾ ಕೂರಲಿಲ್ಲ. “ವ್ಯಾನಿಗೆ ಕಟ್ಟಿದ ಹಣದ ರಸೀದಿ ಬೇಕಿತ್ತು. ಮೂವತ್ತನಾಲ್ಕು ಸಾವಿರದ್ದೂ.”

ಕಮಲಾಕ್ಷ ಬೆಂಚಿನ ಕಡೆ ಒಮ್ಮೆ ನೋಡಿದ. “ಹಸೈನಾರ್ ಬರ್ಲಿ ಅಕ್ಕ. ಅವನ ಹತ್ರ ಮಾತಾಡ್ತೇನೆ.”

“ಅವರ ಹತ್ರ ಯಾಕೆ? ಸಹಿ ಹಾಕಿ ಹಣ ಕೊಡುವವಳು ನಾನು. ಗೆಳೆಯನ ಮನೆಯನ್ನೇ ದೋಚಿದರೆ ಬೇರೆಯವರ ಗತಿ ಎಂತ?”

ಬೆಂಚಿನಲ್ಲಿದ್ದವರು ಒಬ್ಬರನ್ನೊಬ್ಬರು ನೋಡಿದರು. ಕಮಲಾಕ್ಷನ ಕಿವಿ ಕೆಂಪಾಯಿತು. ಅವನು ಕಪಾಟಿನಿಂದ ಹಸಿರು ಫೈಲು ತೆಗೆದು ಅವಳ ಮುಂದಿಟ್ಟ.

“ಓದಿ. ತೆರಿಗೆ ಹನ್ನೊಂದು ಸಾವಿರದ ಇನ್ನೂರು. ಫೀಸು ಆರುನೂರು. ನನ್ನ ಮಜೂರಿ ಒಂದೂವರೆ ಸಾವಿರ. ಏಳುನೂರು ಮಿಕ್ಕಿದೆ, ಲಕೋಟೆಯಲ್ಲೇ ಉಂಟು. ಅವನು ನನಗೆ ಕೊಟ್ಟದ್ದು ಹದಿನಾಲ್ಕು ಸಾವಿರ, ಒಂದೇ ಸಲ. ಇನ್ಸ್‌ಪೆಕ್ಟರಿಗೆ ಗಾಡಿ ತೋರಿಸಿದರೆ ಕೆಲಸ ಮುಗೀತು. ಮೂರು ತಿಂಗಳಿಂದ ಹೇಳ್ತಾ ಇದ್ದೇನೆ, ಗಾಡಿ ತರ್ಲಿಕ್ಕೇ ಇಲ್ಲ.”

ರುಕಿಯಾ ಆರ್.ಟಿ.ಓ. ಕಚೇರಿಯ ಮುದ್ರೆ ಬಿದ್ದ ರಸೀದಿಗಳನ್ನು ಒಂದೊಂದಾಗಿ ನೋಡಿದಳು. ಎಲ್ಲವೂ ಸರಿಯಾಗಿದ್ದವು.

“ಉಳಿದದ್ದು?” ಎಂದಳು, ಧ್ವನಿ ತಗ್ಗಿಸಿ.

“ಅದು ನನ್ನನ್ನು ಕೇಳುವ ಪ್ರಶ್ನೆ ಅಲ್ಲ ಅಕ್ಕ.”

ಮೆಟ್ಟಿಲಿಳಿಯುತ್ತ ಅವಳು ಲೆಕ್ಕ ಹಾಕಿದಳು. ಇಪ್ಪತ್ತು ಸಾವಿರ. ಎರಡು ಹಾಸಿಗೆಯ ವ್ಯಾನು, ತಾನು ನೋಡಬಾರದ ವ್ಯಾನು. ಹೋದ ತಿಂಗಳು ಗಂಡನ ಜೇಬಿನಲ್ಲಿ ಬೆಳ್ತಂಗಡಿಯ ಬಸ್ ಟಿಕೇಟು ಸಿಕ್ಕಿತ್ತು. ಮೂಡಬಿದ್ರಿಗೆ ಹೋಗುತ್ತೇನೆಂದು ಹೊರಟವನಿಗೆ ಬೆಳ್ತಂಗಡಿಯಲ್ಲಿ ಎಂತ ಕೆಲಸ? ಗಲ್ಫಿನಿಂದ ಬಂದು ಇನ್ನೊಂದು ಮನೆ ಮಾಡಿದವರ ಕತೆಗಳು ಅವಳಿಗೂ ಗೊತ್ತಿದ್ದವು. ಬೇರೆ ಹೆಂಗಸರ ಬಾಯಲ್ಲಿ ಅಂಥದ್ದನ್ನು ಕೇಳಿ ಅವಳೇ ನಕ್ಕಿದ್ದೂ ಉಂಟು.

ಅವಳು ವಿಟ್ಲಕ್ಕೆ ಮರಳಲಿಲ್ಲ. ಮೂಡಬಿದ್ರಿಯ ಬಸ್ಸು ಹಿಡಿದಳು.

ನೋಣಯ್ಯನ ಗ್ಯಾರೇಜಿನ ಮೂಲೆಯಲ್ಲಿ ವ್ಯಾನು ಟರ್ಪಾಲಿನಡಿ ನಿಂತಿತ್ತು. ಅವಳೇ ಟರ್ಪಾಲು ಸರಿಸಿದಳು. ಒಳಗೆ ಹಾಸಿಗೆಯ ಹಲಗೆಗಳು ಕೂಡಿಸದೆ ಬಿದ್ದಿದ್ದವು. ಮಾಡಿನ ತಗಡನ್ನು ಅರ್ಧ ಕೊರೆದು ಬಿಟ್ಟಿದ್ದರು. ಎಲ್ಲದರ ಮೇಲೂ ಧೂಳು. ಇಲ್ಲಿ ಯಾರೂ ಮಲಗಿರಲಿಲ್ಲ, ಯಾರೂ ಕೆಲಸವನ್ನೂ ಮಾಡುತ್ತಿರಲಿಲ್ಲ.

ನೋಣಯ್ಯ ಕೈ ಒರೆಸಿಕೊಳ್ಳುತ್ತ ಬಂದರು. “ಹಸೈನಾರರ ಮನೆಯವರಾ? ಕೂಸಪ್ಪನ ಕೈ ಹೋದ ಮೇಲೆ ಕೆಲಸ ನಿಂತಿದೆಯಲ್ಲ. ನಿಮಗೆ ಹೇಳ್ಲಿಲ್ವಾ?”

“ಯಾವ ಕೂಸಪ್ಪ?”

“ಬೆಳ್ತಂಗಡಿ ಕಡೆಯ ನೆರಿಯದ ಬಡಗಿ. ಮಾಡು ಕೊರೆಯುವಾಗ ಕಟ್ಟರ್ ಜಾರಿ ಬಲಗೈಯ ಎರಡು ಬೆರಳು ಹೋಯ್ತು. ಆಸ್ಪತ್ರೆಯ ಐದು ಸಾವಿರ ಸಾಹೇಬ್ರೇ ಕಟ್ಟಿದರು. ಆಮೇಲೆ ಇಲ್ಲಿಗೆ ಬಂದರೂ ವ್ಯಾನಿನ ಹತ್ರ ಹೋಗುದಿಲ್ಲ. ಸ್ವಲ್ಪ ಹೊತ್ತು ಕೂತು ಬೆಳ್ತಂಗಡಿ ಬಸ್ಸಿಗೆ ಹೋಗ್ತಾರೆ.”

ರುಕಿಯಾಳ ಎದೆ ಹಗುರಾಯಿತು. ಅಂಥ ಸುದ್ದಿ ಕೇಳಿಯೂ ಹಗುರಾಯಿತಲ್ಲ ಎಂದು ಮರುಗಳಿಗೆಯೇ ನಾಚಿಕೆಯಾಯಿತು.

ಸಂಜೆ ಹಸೈನಾರ್ ಮನೆಗೆ ಬಂದಾಗ ಅವಳು ಚಹಾ ಕೊಟ್ಟು ಎದುರಿಗೇ ಕುಳಿತಳು.

“ಇವತ್ತು ವ್ಯಾನು ನೋಡಿ ಬಂದೆ,” ಎಂದಳು.

ಅವನು ಲೋಟ ಕೆಳಗಿಟ್ಟ.

“ಶುಕ್ರವಾರ ಇನ್ಸ್‌ಪೆಕ್ಟರ್ ನೋಡುವ ದಿವಸ ಅಂತ ಕಮಲಾಕ್ಷ ಹೇಳಿದ್ದ. ಬುಧವಾರ ಮಧ್ಯಾಹ್ನ ಕೂಸಪ್ಪ, ಕಟ್ಟರಿನ ಕವಚ ಸಡಿಲ ಉಂಟು, ಊಟ ಮಾಡಿ ಬಂದು ಸರಿಮಾಡಿ ಕೊರಿತೇನೆ ಅಂದ. ನಾನು, ಈ ಒಂದು ಗೆರೆ ಮುಗಿಸಿಬಿಡು ಮಾರಾಯ ಅಂದೆ. ಅವನು ಬೇಡ ಅಂದದ್ದು ಎರಡು ಸಲ.” ಅವನು ತನ್ನ ಕೈಯನ್ನೇ ನೋಡಿಕೊಂಡ. “ದಮಾಮಿನಲ್ಲಿ ನನಗೆ ಹಾಗೆ ಹೇಳುವವರಿದ್ದರು.”

“ಉಳಿದ ಹಣ?”

“ನೆರಿಯದಲ್ಲಿ ಗುರ್ತದ ಉಮ್ಮರ್‌ನ ಅಂಗಡಿ ಉಂಟು. ಅಲ್ಲಿ ಲಕೋಟೆ ಕೊಟ್ಟು ಬರ್ತೇನೆ, ಅವನು ಮುಟ್ಟಿಸ್ತಾನೆ. ಮನೆಗೆ ಹೋಗ್ಲಿಕ್ಕೆ ಮುಖ ಇಲ್ಲ.”

“ನನಗೆ ಸುಳ್ಳು ಹೇಳ್ಲಿಕ್ಕೆ ಮುಖ ಇತ್ತಲ್ಲ. ನಿಮ್ಮಿಂದಾಗಿ ನಾನು ಇವತ್ತು ಮೂರು ಜನರ ಎದುರು ಕಮಲಾಕ್ಷನನ್ನು ಕಳ್ಳ ಅಂದ ಹಾಗಾಯ್ತು.”

ರುಕಿಯಾ ಎದ್ದು ಲೋಟ ತೆಗೆದಳು. “ನಾಳೆ ನೆರಿಯಕ್ಕೆ ಹೋಗುವ. ಅಂಗಡಿಗೆ ಅಲ್ಲ, ಮನೆಗೆ.”

ಬೆಳ್ತಂಗಡಿಯಲ್ಲಿ ಬಸ್ಸು ಬದಲಿಸಿ, ಅಲ್ಲಿಂದ ಮುಂದೆ ಜೀಪಿನಲ್ಲಿ ಹೋಗಿ, ಕಾಡಿನಂಚಿನ ಆ ಮನೆ ತಲುಪುವಾಗ ಹನ್ನೊಂದು ಗಂಟೆ ದಾಟಿತ್ತು. ಕೂಸಪ್ಪ ಜಗಲಿಯಲ್ಲಿ ಕುಳಿತು ಎಡಗೈಯಲ್ಲಿ ಕತ್ತಿ ಹಿಡಿದು ಬಿದಿರು ಸೀಳಲು ನೋಡುತ್ತಿದ್ದ. ಇವರನ್ನು ಕಂಡು ಬಲಗೈಯನ್ನು ಹೆಗಲ ಮೇಲಿನ ಬೈರಾಸಿನಡಿ ಮುಚ್ಚಿಕೊಂಡ. ಅವನ ಹೆಂಡತಿ ನೀಲಾವತಿ ಬಾಗಿಲಲ್ಲೇ ನಿಂತಳು. ಬನ್ನಿ ಎನ್ನಲಿಲ್ಲ.

ಹಸೈನಾರ್ ಬಾಯಿ ತೆರೆಯುವ ಮೊದಲೇ ಅವಳು ಒಳಗೆ ಹೋಗಿ ಎರಡು ಲಕೋಟೆ ತಂದು ಜಗಲಿಯ ಮೇಲಿಟ್ಟಳು. ಒಂದನ್ನೂ ಒಡೆದಿರಲಿಲ್ಲ.

“ತೆಗೊಂಡು ಹೋಗಿ ಸಾಹೇಬ್ರೆ. ನಿನ್ನೆಯೂ ಒಂದು ಬಂತು. ಯಾಕೆ ಕೊಡ್ತೀರಿ ಅಂತ ಹೇಳುದಿಲ್ಲ, ನೀವು ಬರುದೂ ಇಲ್ಲ. ನಾಳೆ ಸಾಲ ಅಂತ ಕೇಳಿದರೆ ನಾವು ಎಂತ ಮಾಡುದು? ಕೇಸು ಕೊಡದ ಹಾಗೆ ಬಾಯಿ ಮುಚ್ಚಿಸ್ಲಿಕ್ಕೆ ಅಂತಲೂ ಹೇಳ್ತಾರೆ.”

“ಸಾಲ ಅಲ್ಲ,” ಎಂದ ಹಸೈನಾರ್. “ಕವಚ ಸರಿಯಿಲ್ಲ ಅಂತ ಕೂಸಪ್ಪ ಹೇಳಿದ್ದ. ಕೊರಿ ಅಂದದ್ದು ನಾನು. ತಪ್ಪು ನನ್ನದು.”

ನೀಲಾವತಿ ಗಂಡನ ಕಡೆ ತಿರುಗಿದಳು. “ಕೈ ಜಾರಿತು ಅಂತ ಮಾತ್ರ ಹೇಳಿದ್ರಿ.”

“ಹೇಳಿ ಎಂತ ಮಾಡುದು?” ಎಂದ ಕೂಸಪ್ಪ. “ಆಸ್ಪತ್ರೆಯಿಂದ ಬಂದ ಮೇಲೆ ಒಂದು ಸಲವಾದರೂ ನೋಡ್ಲಿಕ್ಕೆ ಬರ್ತಾರೆ ಅಂತ ಇದ್ದೆ. ಹಣ ಬಂತು, ಜನ ಬರ್ಲಿಲ್ಲ.”

ಬಾಯಿಮಾತಿನಿಂದ ಆ ಹೆಂಗಸಿನ ಸಂಶಯ ಹೋಗುವುದಿಲ್ಲ ಎಂದು ರುಕಿಯಾಳಿಗೆ ತಿಳಿಯಿತು. ಅವಳ ಜಾಗದಲ್ಲಿದ್ದರೆ ತನ್ನದೂ ಹೋಗುತ್ತಿರಲಿಲ್ಲ. ಒಂದು ಹಾಳೆ ಕೇಳಿ ತಾನೇ ಬರೆದಳು: ಅಪಘಾತ ಹೇಗಾಯಿತು, ಯಾರ ಮಾತಿನಿಂದಾಯಿತು, ಈ ಹದಿನೈದು ಸಾವಿರ ಪರಿಹಾರವೇ ಹೊರತು ಸಾಲವಲ್ಲ, ಇದನ್ನು ಪಡೆದ ಮೇಲೂ ದೂರು ಕೊಡುವ ಹಕ್ಕು ಅವರಿಗಿದೆ. ಕೊನೆಯ ಸಾಲನ್ನು ಓದಿ ಹಸೈನಾರ್ ಒಮ್ಮೆ ಅವಳನ್ನು ನೋಡಿದ. ಆಮೇಲೆ ಸಹಿ ಹಾಕಿದ. ನೀಲಾವತಿ ಹಾಳೆಯನ್ನು ಎರಡು ಸಲ ಓದಿ ಮಡಚಿ ಒಳಗಿಟ್ಟು ಬಂದಳು. ಆಮೇಲೆ ಕುಡಿಯಲು ನೀರು, ಬೆಲ್ಲ ತಂದಳು.

ಅವರು ದೂರು ಕೊಡಲಿಲ್ಲ. ಜನವರಿಯಲ್ಲಿ ಕೂಸಪ್ಪ ಗ್ಯಾರೇಜಿಗೆ ಬಂದ. ಬಲಗೈಯಲ್ಲಿ ಕೊರೆಯುವ ಕೆಲಸ ಆಗುತ್ತಿರಲಿಲ್ಲ. ಮುಂಡಾಜೆಯಿಂದ ತನ್ನ ಭಾವನನ್ನು ಕರೆತಂದು, ಪಕ್ಕದಲ್ಲಿ ನಿಂತು ಅಳತೆ ಹೇಳಿ ಕೆಲಸ ಮುಗಿಸಿಕೊಟ್ಟ. ಮಜೂರಿಯನ್ನು ಪೂರ್ತಿ ಕೇಳಿ ತೆಗೆದುಕೊಂಡ. ಅವನು ಹಾಗೆ ಕೇಳಿದ್ದು ರುಕಿಯಾಳಿಗೆ ಒಳ್ಳೆಯದೆನಿಸಿತು.

ಇನ್ಸ್‌ಪೆಕ್ಟರು ಪರದೆ ಸರಿಸಿ, ಹಾಸಿಗೆ ತಟ್ಟಿ, “ಇದರಲ್ಲಿ ಯಾರು ಮಲಗುವುದು?” ಎಂದು ಒಂಥರಾ ಕೇಳಿದರು. “ನಾನು ಮತ್ತು ಇವರು. ಮದುವೆ ಆಗಿ ಇಪ್ಪತ್ತಾರು ವರ್ಷ ಆಯ್ತು,” ಎಂದಳು ರುಕಿಯಾ. ಅವರು ಮತ್ತೇನೂ ಕೇಳದೆ ಸಹಿ ಹಾಕಿದರು.

ರಿಜಿಸ್ಟ್ರೇಶನ್ ಪುಸ್ತಕ ಪಡೆಯಲು ಹೋದ ದಿನ ಕಮಲಾಕ್ಷ ಕುರ್ಚಿಯಿಂದ ಏಳಲಿಲ್ಲ. ಮಿಕ್ಕ ಏಳುನೂರನ್ನು ಎಣಿಸಿ ಮುಂದಿಟ್ಟ.

“ಆ ದಿನ ನಾನು ಹೇಳಿದ್ದು ತಪ್ಪಾಯ್ತು,” ಎಂದಳು ರುಕಿಯಾ.

“ಆಯ್ತು.” ಅವನು ಫೈಲು ಮುಚ್ಚಿದ. “ಅವತ್ತು ಬೆಂಚಿನಲ್ಲಿದ್ದ ಮೂವರಲ್ಲಿ ಒಬ್ಬರು ಮಾತ್ರ ಮತ್ತೆ ಬಂದದ್ದು.”

“ಉಳಿದವರ ಹೆಸರು ಹೇಳಿ.”

ಕಮಲಾಕ್ಷ ಅವಳನ್ನು ನೋಡಿದ, ಆಮೇಲೆ ಬರೆದುಕೊಟ್ಟ. ಹೀಗೆ ವ್ಯಾನಿನ ಮೊದಲ ಪ್ರಯಾಣ ಸಮುದ್ರಕ್ಕೂ ಅಲ್ಲ, ಘಾಟಿಗೂ ಅಲ್ಲ, ಬಂಟ್ವಾಳದ ಹುಕ್ರಪ್ಪ ಎಂಬ ಟೆಂಪೋ ಮಾಲಕರ ಮನೆಗಾಯಿತು. ಕಮಲಾಕ್ಷ ಕಳ್ಳನಲ್ಲ, ತಪ್ಪು ತನ್ನದು ಎಂಬ ಅವಳ ಮಾತನ್ನು ಹುಕ್ರಪ್ಪ ಅಂಗಳದಲ್ಲೇ ನಿಂತು ಪೂರ್ತಿ ಕೇಳಿದರು.

“ನಾನು ಬೇರೆಯವನ ಹತ್ರ ಮಾಡಿಸಿದೆ ಅಕ್ಕ. ಎರಡು ಸಾವಿರ ಜಾಸ್ತಿ ಹೋಯ್ತು,” ಎಂದರು. “ಮುಂದಿನ ಸಲ ಕಮಲಾಕ್ಷನಲ್ಲಿಗೇ ಹೋಗುವ.”

ಇನ್ನೊಬ್ಬರ ಮನೆ ಮೂಡಬಿದ್ರಿಯ ಹತ್ತಿರವಿತ್ತು. ಹಸೈನಾರ್ ವ್ಯಾನನ್ನು ಆ ಕಡೆಗೆ ತಿರುಗಿಸಿದ.