ಹೊಳೆಯೊಂದಿಗೆ ಏರಿದ ನೀರಿನ ದರ

ಜಂಬವ್ವ ತೀರಿಕೊಂಡ ಸುದ್ದಿ ಗಾದಿಲಿಂಗಪ್ಪನಿಗೆ ತಿಳಿದದ್ದು ಬೆಳಿಗ್ಗೆ, ಅವನ ಶುದ್ಧ ನೀರಿನ ಘಟಕದ ಮುಂದೆ ಜನ ಕ್ಯಾನು ಹಿಡಿದು ಸಾಲಾಗಿ ನಿಂತಿದ್ದಾಗ.

"ಯಾವ ಜಂಬವ್ವ?" ಎಂದ.

"ನಿಮ್ಮ ಹಿಂದಿನ ಓಣಿ ಜಂಬವ್ವ ರೀ. ವಾಂತಿ ಭೇದಿ. ದವಾಖಾನಿಗೆ ಒಯ್ಯೋದ್ರೊಳಗ ಹೋಗಿಬಿಟ್ಳು" ಎಂದಳು ಆಶಾ ಕಾರ್ಯಕರ್ತೆ ಅನ್ನಪೂರ್ಣ.

ಆ ವಾರ ಕಂಪ್ಲಿಯಲ್ಲಿ ತುಂಗಭದ್ರೆ ಉಕ್ಕಿ ಹರಿದಿತ್ತು. ನೀರೆತ್ತುವ ಮೋಟಾರುಗಳು ಮುಳುಗಿ, ಊರ ನಲ್ಲಿಗಳು ನಿಂತುಹೋಗಿದ್ದವು. ಕರೆಂಟೂ ಇರಲಿಲ್ಲ. ಆ ಕಡೆಗೆಲ್ಲ ಕೊಳವೆಬಾವಿ, ಜನರೇಟರ್ ಎರಡೂ ಇದ್ದದ್ದು ಗಾದಿಲಿಂಗಪ್ಪನ ಘಟಕಕ್ಕೆ ಮಾತ್ರ. ಮೊದಲ ದಿನವೇ ಅವನು ಕ್ಯಾನಿನ ದರವನ್ನು ಮೂರು ಪಟ್ಟು ಏರಿಸಿದ. ಅನ್ನಪೂರ್ಣ ಅಂದೇ ಬಂದು ಕೇಳಿದ್ದಳು.

"ಅಣ್ಣಾ, ಡೀಸೆಲ್ ಖರ್ಚು ತಗೋರಿ, ಬ್ಯಾಡ ಅನ್ನಂಗಿಲ್ಲ. ಮೂರು ಪಟ್ಟು ಯಾಕ್ರಿ? ಬಡವ್ರು ಹೊಳಿ ನೀರು ಕುಡೀತಾರ."

"ದಸರಾಕ್ಕ ಹೂವಿನ ದರ ಏರೋದಿಲ್ಲೇನವ್ವಾ? ಇದೂ ಹಂಗ."

"ಹೂವಿಲ್ದ ದಸರಾ ಮಾಡಬೋದ್ರಿ. ನೀರಿಲ್ದ ಮನಿ ನಡೀತೈತೇನು?"

"ನೀ ಮಾತ್ರಿ ಹಂಚ್ಕೊಂಡು ಹೋಗವ್ವ. ವ್ಯಾಪಾರ ನನಗ ಬಿಡು" ಎಂದು ನಕ್ಕಿದ್ದ. ಸಾಲಿನಲ್ಲಿದ್ದವರೂ ನಕ್ಕರು. ಎಲ್ಲಿ ತಮಗೆ ನೀರು ಕೊಡದೆ ಕಳಿಸುತ್ತಾನೋ ಎಂಬ ಭಯದ ನಗೆ ಅದು.

ಅಂದು ಜಂಬವ್ವನೂ ಬಂದಿದ್ದಳು. ದರ ಕೇಳಿ, ಖಾಲಿ ಕೊಡ ಎತ್ತಿಕೊಂಡು ಹೊಳೆಯ ಕಡೆಗೆ ತಿರುಗಿದ್ದಳು. ಅವನು ನೋಡಿಯೂ ಕರೆಯಲಿಲ್ಲ. ಮುದುಕಿ ಹೊಳೆಯ ಕೆಂಪು ನೀರನ್ನೇ ತುಂಬಿಟ್ಟು, ಮಣ್ಣು ತಳಕ್ಕಿಳಿದ ಮೇಲೆ ಮೇಲಿನ ತಿಳಿಯನ್ನು ಕುಡಿದಳು. ತಿಳಿಯಾದ ನೀರು ಶುದ್ಧವೆಂಬುದು ಹೊಳೆದಂಡೆಯವರ ಹಳೆಯ ನಂಬಿಕೆ.

ಸಾವಿನ ಮನೆಗೆ ನೆರೆಯವರೆಲ್ಲ ಒಂದೊಂದು ಕೊಡ ನೀರು ಒಯ್ಯುವುದು ಆ ಓಣಿಯ ವಾಡಿಕೆ. ಗಾದಿಲಿಂಗಪ್ಪ ಎರಡು ಕ್ಯಾನು ಹೊತ್ತು ಹೋದ. ಬಾಗಿಲಲ್ಲಿ ಅವನಿಗೆ ಹಳೆಯದು ನೆನಪಾಯಿತು. ತಾನು ಅಕ್ಕಿ ಮಿಲ್ಲಿನಲ್ಲಿ ಚೀಲ ಹೊರುತ್ತಿದ್ದ ಕಾಲದಲ್ಲಿ, ಇದೇ ಬಾಗಿಲಲ್ಲಿ ಜಂಬವ್ವ ಬೇಸಿಗೆಯಲ್ಲಿ ದಾರಿಹೋಕರಿಗೆಂದು ಇಡುತ್ತಿದ್ದ ಅರವಟ್ಟಿಗೆಯ ನೀರನ್ನು ಅವನು ಹೊಟ್ಟೆ ತುಂಬ ಕುಡಿದಿದ್ದ.

ವಡ್ಡು ಎಂಬ ಊರಿನಿಂದ ಬಂದಿದ್ದ ಜಂಬವ್ವನ ಮಗಳು ತಿಪ್ಪಕ್ಕ ಕ್ಯಾನುಗಳನ್ನು ನೋಡಿ ಕೇಳಿದಳು: "ಇದಕ್ಕ ಎಷ್ಟು ಕೊಡಬೇಕ್ರಿ, ಮಾಮಾ?"

ಚುಚ್ಚಿ ಆಡಿದ ಮಾತಲ್ಲ ಅದು. ಅವಳು ನಿಜವಾಗಿಯೂ ಸೆರಗಿನ ಗಂಟು ಬಿಚ್ಚುತ್ತಿದ್ದಳು. ಭೂಮಿ ಬಾಯಿಬಿಡಬಾರದೇ ಎನಿಸಿತು ಅವನಿಗೆ. ಕೈ ಅಡ್ಡ ಮಾಡಿ, ಕ್ಯಾನುಗಳನ್ನು ಒಳಗಿಟ್ಟ.

ಹೊರಗೆ ಬಂದು, ಅಂಗಳದಲ್ಲಿದ್ದ ಅನ್ನಪೂರ್ಣಳ ಮುಂದೆ ತಲೆತಗ್ಗಿಸಿದ. "ಈಗ ಏನ್ ಮಾಡ್ಲವ್ವಾ?"

"ಹೋದವ್ರಿಗೆ ಏನೂ ಮಾಡಾಕ ಬರಂಗಿಲ್ರಿ, ಅಣ್ಣಾ. ಸಾಲಿನ್ಯಾಗ ನಿಂತಾರಲ್ಲ, ಅವ್ರಿಗೆ ಮಾಡ್ರಿ."

ಅವನು ಘಟಕಕ್ಕೆ ಮರಳಿ, ಹೆಗಲ ಟವೆಲ್ಲಿನಿಂದಲೇ ಬೋರ್ಡಿನ ದರ ಒರೆಸಿ, ಹಳೆಯ ದರ ಬರೆದ. ಕೊಡಲಾಗದವರಿಗೆಂದು ಬಾಗಿಲಲ್ಲೊಂದು ನೀರು ತುಂಬಿದ ಗಡಿಗೆ ಇಟ್ಟ.

ತಾಯಂದಿರೇ, ಅಣ್ಣತಮ್ಮಂದಿರೇ, ಊರು ಸಂಕಟದಲ್ಲಿದ್ದಾಗ ನೀರಿಗೂ ಬೆಳಕಿಗೂ ದರ ಏರಿಸಬೇಡಿರಿ. ಯಾರಾದರೂ ಏರಿಸಿದರೆ ಬಾಯಿ ಮುಚ್ಚಿಕೊಂಡಿರದೆ, ನಾಲ್ಕು ಜನ ಕೂಡಿ ತಹಶೀಲ್ದಾರರ ಕಚೇರಿಗೆ ತಿಳಿಸಿರಿ. ತಿಳಿಯಾದ ನೀರನ್ನೂ ಕುದಿಸಿ, ಆರಿಸಿ ಕುಡಿಯಿರಿ. ವಾಂತಿ ಭೇದಿಯಾದರೆ ತಡಮಾಡದೆ ಓಆರ್‌ಎಸ್ ಕುಡಿಸುತ್ತ ದವಾಖಾನೆಗೆ ಒಯ್ಯಿರಿ. ಪಕ್ಕದ ಮನೆಯ ಕೊಡ ಖಾಲಿಯಿದೆಯೇ ಎಂದು ಒಮ್ಮೆ ಇಣುಕಿ ನೋಡಿರಿ.

ತಂದೆ ಪಂಪಾಪತಿಯೇ, ಊರಿಗೆಲ್ಲ ನೀರು ಕೊಟ್ಟು ತಾನು ಒಳ್ಳೆಯ ನೀರಿಲ್ಲದೆ ಹೋದ ಆ ತಾಯಿಯ ಆತ್ಮವನ್ನು ತಣ್ಣಗಿಡು.