ಮುಬೀನಾಳ ಕಾರ್ಡು

ಇಚಲಕರಂಜಿಯ ಮಗ್ಗದ ಓಣಿಯಲ್ಲಿ ಶಾಲೆ ಕಟ್ಟಿಸಿದ ಪುಣ್ಯಾತ್ಮರು ಒಂದು ದಿನವೂ ಅಲ್ಲಿ ಪಾಠ ಮಾಡಿದವರಲ್ಲ. ನಾಲ್ಕನೇ ತರಗತಿಯ ಗೋಡೆಗೆ ತಾಗಿಕೊಂಡೇ ಮಗ್ಗದ ಶೆಡ್ಡು, ದಿನವಿಡೀ ಖಟಖಟ. ಶಿಕ್ಷಕಿ ವೈಜಯಂತಾ ಮಗದುಮ್ ಕೊರಳಿಗೆ ಮೈಕು ಹಾಕಿಕೊಂಡು ಒದರಿದರೆ ಅವಳ ಪ್ರಶ್ನೆ ಹೇಗೋ ಮಕ್ಕಳಿಗೆ ಮುಟ್ಟುತ್ತಿತ್ತು. ಮಕ್ಕಳ ಉತ್ತರ ಮಾತ್ರ ಅವಳವರೆಗೆ ಬರುತ್ತಿರಲಿಲ್ಲ.

ಅದಕ್ಕೇ ಅವಳು ಪುಕ್ಕಟೆ ಸಿಗುವ ಆ್ಯಪ್ ಒಂದನ್ನು ಹುಡುಕಿಕೊಂಡಿದ್ದಳು. ಮಕ್ಕಳ ಕೈಗೆ ಒಂದೊಂದು ಕಾಗದದ ಕಾರ್ಡು. ಅದರ ಮೇಲೆ ಕಪ್ಪು ಚೌಕಗಳ ಚಿತ್ತಾರ, ನಾಲ್ಕು ಅಂಚಿಗೆ ನಾಲ್ಕು ಅಕ್ಷರ. ಸರಿ ಅನಿಸಿದ ಅಕ್ಷರ ಮೇಲೆ ಬರುವಂತೆ ಎತ್ತಿ ಹಿಡಿಯಬೇಕು. ವೈಜಯಂತಾ ಫೋನನ್ನು ತರಗತಿಯ ಮೇಲೆ ಒಮ್ಮೆ ಆಡಿಸಿದರೆ ಯಾರದು ಸರಿ, ಯಾರದು ತಪ್ಪು ಎಂದು ಹೆಸರಿನ ಮುಂದೆ ಹಸಿರು, ಕೆಂಪು ಬೀಳುತ್ತಿತ್ತು. ಒಬ್ಬೊಬ್ಬರ ಚಿತ್ತಾರ ಒಂದೊಂದು ಥರ, ಹಾಗಾಗಿ ಪಕ್ಕದವರ ಕಾರ್ಡು ಇಣುಕಿ ನೋಡಿ ಲಾಭವಿರಲಿಲ್ಲ.

ಇವತ್ತು ಶಿಕ್ಷಣ ಇಲಾಖೆಯ ಘೋರ್ಪಡೆ ಸಾಹೇಬರು ತಪಾಸಣೆಗೆ ಬಂದಿದ್ದರು. ವಸತಿ ಶಾಲೆಯ ಪ್ರವೇಶ ಪರೀಕ್ಷೆಗೆ ಇಲ್ಲಿಂದ ಒಂದೇ ಮಗುವನ್ನು ಕಳಿಸಬಹುದು, ಆ ಹೆಸರಿಗೆ ಅವರ ಒಪ್ಪಿಗೆ ಬೇಕು. ವೈಜಯಂತಾ ಕೊಟ್ಟ ಹೆಸರು ಮುಬೀನಾ ಜಮಾದಾರ್. ತಾಯಿ ಹಸೀನಾ ಪಕ್ಕದ ಶೆಡ್ಡಿನಲ್ಲಿ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುವವಳು. ಈ ಅವಕಾಶ ತಪ್ಪಿದರೆ ಹುಡುಗಿಯೂ ನಾಳೆ ಹೋಗಿ ಅಲ್ಲೇ ಕೂರುವವಳು. ಅವಳ ಅಕ್ಕ ಆಗಲೇ ಕೂತಾಗಿತ್ತು.

ಮೊದಲ ಪ್ರಶ್ನೆಗಳೆಲ್ಲ ಚೆನ್ನಾಗಿ ಹೋದವು. ಮುಬೀನಾಳ ಹೆಸರಿನ ಮುಂದೆ ಹಸಿರೇ ಹಸಿರು. ಆಗ ಹಿಂದಿನಿಂದ ಸಾಹೇಬರು ಮಗ್ಗದ ಸದ್ದನ್ನೂ ಮೀರಿಸಿ ಕೂಗಿದರು.

“ಮಗದುಮ್ ಬಾಯಾರ, ಬೆಂಚಿನ ಕೆಳಗ ನೋಡ್ರಿ ಸ್ವಲ್ಪ.”

ಮುಬೀನಾಳ ಪಕ್ಕದಲ್ಲಿ ಕೂತಿದ್ದ ಪ್ರಣಾಲಿಯ ಬೆರಳುಗಳು ಸರಸರ ಆಡುತ್ತಿದ್ದವು. ಮಗ್ಗದವರ ಕೈಮಾತು ಅದು. ಆ ಸದ್ದಿನಲ್ಲಿ ಗಂಟಲು ಹರಿದುಕೊಳ್ಳುವವರು ಯಾರು? ಚಹಾ ಬೇಕೆಂಬುದರಿಂದ ಹಿಡಿದು ಮಗಳ ಮದುವೆಯ ಮಾತಿನವರೆಗೆ ಈ ಓಣಿಯಲ್ಲಿ ಎಲ್ಲವೂ ಕೈಯಲ್ಲೇ ಮುಗಿಯುತ್ತದೆ. ಮಕ್ಕಳು ಅದನ್ನು ಅಕ್ಷರಕ್ಕಿಂತ ಮೊದಲು ಕಲಿತಿರುತ್ತವೆ.

“ಕಟ್ಟಿಕೊಟ್ಟ ಬುತ್ತಿ, ಹೇಳಿಕೊಟ್ಟ ಬುದ್ಧಿ ಎಷ್ಟು ದಿನ ಬರ್ತಾವ್ರಿ?” ಎಂದರು ಸಾಹೇಬರು. “ಇಬ್ಬರನ್ನೂ ಬ್ಯಾರೆ ಕೂಡ್ರಸ್ರಿ. ಗೊತ್ತಾಗ್ತೈತಿ.”

ಪ್ರಣಾಲಿ ಬಾಗಿಲ ಬಳಿ ಹೋಗಿ ನಿಂತಳು. ವೈಜಯಂತಾ ಮುಂದಿನ ಪ್ರಶ್ನೆ ಓದಿದಳು. ಮುಬೀನಾ ಅವಳ ಮುಖ ನೋಡಿದಳು, ಅಕ್ಕಪಕ್ಕ ನೋಡಿದಳು, ಎಲ್ಲರ ಕಾರ್ಡು ಮೇಲೆದ್ದ ಮೇಲೆ ತಾನೂ ಒಂದು ಅಂಚು ಮೇಲೆ ಮಾಡಿ ಎತ್ತಿದಳು. ಕೆಂಪು. ಇನ್ನೊಂದು ಪ್ರಶ್ನೆ. ಮತ್ತೆ ಕೆಂಪು.

ವೈಜಯಂತಾಳ ಮೈಯೆಲ್ಲ ಉರಿಯಿತು. ವರ್ಷವಿಡೀ ಈ ಹುಡುಗಿಯನ್ನು ಹೊಗಳಿದ್ದೇ ಹೊಗಳಿದ್ದು, ಎಲ್ಲಾ ಕದ್ದ ಉತ್ತರವೇ? ಕಳ್ಳಿ ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು.

“ಹೆಸರು ಹೊಡೀತೀನಿ ಬಾಯಾರ. ಬ್ಯಾರೆ ಯಾರ್ದರ ಹೇಳ್ರಿ.” ಸಾಹೇಬರು ಪೆನ್ನಿನ ಟೋಪಿ ತೆಗೆದರು.

ಬೇರೆ ಯಾರೆಂದು ನೋಡಲು ಅವಳು ಫೋನಿನಲ್ಲಿ ಹಳೆಯ ಪಾಠಗಳನ್ನೆಲ್ಲ ತೆಗೆದಳು. ಹೋದ ವಾರ ಮುಬೀನಾ ಹಸಿರು, ಪ್ರಣಾಲಿ ಕೆಂಪು. ಅದರ ಹಿಂದಿನ ವಾರವೂ ಹಾಗೇ, ಇವತ್ತೂ ಇಬ್ಬರನ್ನು ಬೇರೆ ಮಾಡುವವರೆಗೆ ಹಾಗೇ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು ಅವಳ ಪಾಡು.

“ತಡೀರಿ ಸಾಹೇಬ್ರ. ಪ್ರಣಾಲಿದು ಎಲ್ಲಾ ತಪ್ಪದಾವ. ತನಗ ಬರದ ಉತ್ತರಾ ಇನ್ನೊಬ್ಬಾಕಿಗೆ ಹೆಂಗ ಹೇಳಿಕೊಡ್ತಾಳ್ರಿ?” ಅವಳು ಬಾಗಿಲ ಕಡೆ ತಿರುಗಿ ಹುಡುಗಿಯನ್ನು ಹತ್ತಿರ ಕರೆದಳು. “ಪ್ರಣಾಲಿ, ಅಕಿಗೆ ಏನ ಹೇಳ್ತಿದ್ದಿ? ಖರೆ ಹೇಳು, ಬೈಯೂದಿಲ್ಲ.”

ಹುಡುಗಿ ಅಳುಮೋರೆ ಮಾಡಿದಳು. “ಪ್ರಶ್ನಿ ಹೇಳ್ತಿದ್ದೆ ರೀ ಬಾಯಾರ. ಅಕಿಗೆ ಕೇಳಸೂದಿಲ್ಲ.”

“ಈ ಸದ್ದಿನ್ಯಾಗ ಯಾರಿಗೆ ಕೇಳಸ್ತೈತವಾ?” ಎಂದರು ಸಾಹೇಬರು.

“ಮಗ್ಗ ನಿಂತ್ರೂ ಕೇಳಸೂದಿಲ್ರಿ. ದೀಪಾವಳಿ ಆದಾಗಿಂದ ಹಂಗ ಐತಿ. ಹೇಳಿದ್ರ ಸಾಲಿ ಬಿಡಸ್ತಾರ, ಯಾರಿಗೂ ಹೇಳಬ್ಯಾಡ ಅಂದಾಳ್ರಿ.”

ವೈಜಯಂತಾ ಫೋನನ್ನು ಮೇಜಿನ ಮೇಲಿಟ್ಟಳು. ತಿರುಗಿ ಮಾತಾಡದ ಮಗು, ಗದ್ದಲ ಮಾಡದ ಮಗು ಎಂದು ತಾನೇ ತಾಯಿಯ ಮುಂದೆ ಹೇಳಿದ್ದಳು. ಎಲ್ಲರೂ ಕೈಯಲ್ಲೇ ಮಾತಾಡುವ ಓಣಿಯಲ್ಲಿ ಒಂದು ಮಗುವಿನ ಕಿವಿ ಹೋದರೆ ತಿಳಿಯುವುದಾದರೂ ಯಾರಿಗೆ? ತಿಳಿಯಬೇಕಾದವಳು ತಾನಾಗಿದ್ದಳು. ನಾಚಿಕೆಯಿಂದ ಅವಳ ಕಣ್ಣು ತುಂಬಿದವು.

ಅಷ್ಟರಲ್ಲಿ ಕರೆಂಟು ಹೋಯಿತು. ಓಣಿಯ ಮಗ್ಗಗಳೆಲ್ಲ ಒಂದೊಂದಾಗಿ ನಿಂತವು. ಆ ಮೌನದಲ್ಲಿ ಸಾಹೇಬರು ಹತ್ತಿರ ಬಂದು ದನಿ ತಗ್ಗಿಸಿದರು. ಕೆಟ್ಟ ಮನುಷ್ಯರಲ್ಲ ಅವರು.

“ಪರೀಕ್ಷಾ ಓದಿ ಬರಿಯೂದೈತಿ, ಹುಡುಗಿ ಶಾಣ್ಯಾಕಿ. ಹೆಸರು ಇರ್ಲಿ. ಆದ್ರ ಕಿವಿ ವಿಷಯ ನೀವೂ ಆಡಿಲ್ಲ, ನಾನೂ ಕೇಳಿಲ್ಲ. ಗೊತ್ತಾದ್ರ ಆ ಸಾಲಿಯವ್ರು ತಗೊಳ್ಳೂದಿಲ್ಲ. ತಿಳೀತಲ್ರಿ?”

ತಿಳಿಯಿತು. ಪರೀಕ್ಷೆ, ಪ್ರವೇಶ ಮುಗಿಯುವ ತನಕ ಮೂರು ತಿಂಗಳು ಸುಮ್ಮನಿದ್ದರೆ ಹುಡುಗಿ ದಾಟಿಕೊಳ್ಳುತ್ತಾಳೆ. ಅಷ್ಟರಲ್ಲಿ ಅಲ್ಪಸ್ವಲ್ಪ ಉಳಿದ ಕಿವಿಯೂ ಹೋದರೆ? ವೈಜಯಂತಾ ತಲೆ ಎತ್ತಿದಾಗ ಬಾಗಿಲಲ್ಲಿ ಹಸೀನಾ ನಿಂತಿದ್ದಳು. ಮಗ್ಗ ನಿಂತಾಗ ಹೆಂಗಸರು ಚಹಾಕ್ಕೆ ಹೊರಬರುತ್ತಾರೆ. ಸಾಹೇಬರ ಗಾಡಿ ಕಂಡು ಮಗಳ ವಿಷಯ ಏನಾಯಿತೋ ಎಂದು ಇವಳು ಇತ್ತ ಬಂದಿದ್ದಳು. ತಲೆಗೂದಲಿನ ಮೇಲೆಲ್ಲ ಹತ್ತಿಯ ಧೂಳು.

“ಆರಿಸಿದ್ರೇನ್ರಿ ಬಾಯಾರ?”

ಸಾಹೇಬರು ವೈಜಯಂತಾಳನ್ನೇ ನೋಡಿದರು. ಅವಳು ಬಾಗಿಲಿಗೆ ನಡೆದಳು.

“ಹಸೀನಾ, ಮುಬೀನಾಗ ಕಿವಿ ಕೇಳಸವಲ್ದು. ಇವತ್ತ ಡಾಕ್ಟರಿಗೆ ತೋರಸ್ಬೇಕು. ನಾನೂ ಬರ್ತೀನಿ.”

ಹಸೀನಾಳಿಗೆ ಸಿಟ್ಟೇ ಬಂತು. “ಯಾರ ಹೇಳಿದ್ರಿ? ಮನ್ಯಾಗ ನಾ ಹೇಳಿದ್ದೆಲ್ಲಾ ಮಾಡ್ತಾಳ, ಒಂದ್ ಮಾತ್ ಎರಡ್ ಸಲ ಹೇಳೂದಿಲ್ಲ ನಾ. ಬಡವರ ಕೂಸಂತ ಏನರ ನೆವಾ ತಗೀಬ್ಯಾಡ್ರಿ. ನಿಲ್ರಿ, ನೀವ ನೋಡ್ರಿ.”

ಮುಬೀನಾ ಬಾಗಿಲಿಗೆ ಬೆನ್ನು ಹಾಕಿ, ಕಾರ್ಡಿನ ಅಂಚು ಕೆರೆಯುತ್ತ ತಲೆ ತಗ್ಗಿಸಿ ಕೂತಿದ್ದಳು.

“ಮುಬೀ,” ಎಂದಳು ಹಸೀನಾ.

ತರಗತಿಯ ಮಕ್ಕಳೆಲ್ಲ ತಿರುಗಿ ನೋಡಿದವು.

“ಮುಬೀನಾ. ಏ ಮುಬೀನಾ.”

ಓಣಿಯ ಆ ತುದಿಯವರೆಗೆ ಕೇಳುವಂತೆ ಕೂಗಿದ್ದಳು. ಘೋರ್ಪಡೆ ಸಾಹೇಬರು ಒಪ್ಪಿಗೆಯ ಸಹಿ ಹಾಕದೆಯೇ ಪೆನ್ನಿಗೆ ಟೋಪಿ ಹಾಕಿ ಜೇಬಿಗಿಟ್ಟರು. ಪ್ರಣಾಲಿ ಓಡಿಹೋಗಿ ಗೆಳತಿಯ ಭುಜ ಮುಟ್ಟಿದಳು. ಮುಬೀನಾ ತಿರುಗಿ ನೋಡಿದಳು. ಮುಖ ಅರಳಿತು.

“ಅಮ್ಮೀ, ಯಾವಾಗ ಬಂದಿ?”