ಲೆಂಕಪ್ಪನ ವಿಳಾಸ

ಹುಣಸೆಮರದ ಹಿಂದೆ ಲೆಂಕಪ್ಪನ ವೀರಗಲ್ಲು ಎರಡು ತುಂಡಾಗಿ ಬಿದ್ದಿತ್ತು. ಅದು ನಿಂತಿದ್ದ ಜಾಗದಲ್ಲಿ ಎದೆಮಟ್ಟದ ಗುಂಡಿ, ಅಂಚಿನಲ್ಲಿ ಕೊಯ್ದ ನಿಂಬೆಹಣ್ಣು, ಚೆಲ್ಲಾಡಿದ ಕುಂಕುಮ. ಮೊಮ್ಮಗಳು ಶ್ವೇತಳ ಲಗ್ನಪತ್ರಿಕೆ ಹಿಡಿದು ಬಂದಿದ್ದ ಕುಳ್ಳಮ್ಮ ಅಲ್ಲೇ ಕುಸಿದು ಕುಳಿತಳು. ಅವಳ ಗಂಡನ ವಂಶದಲ್ಲಿ ಯಾರ ಮದುವೆಯಾದರೂ ಮೊದಲ ಪತ್ರಿಕೆ ಹಿರೀಕ ಲೆಂಕಪ್ಪನಿಗೆ. ಅವನನ್ನು ಕರೆಯದೆ ಇನ್ನೊಬ್ಬರ ಹೊಸ್ತಿಲು ತುಳಿಯುವಂತಿರಲಿಲ್ಲ.

"ನಿಧಿ ಆಸೆಗೆ ಅಗ್ದವ್ರೆ ಕಣ್ಲಾ. ಅವ್ರ ಕೈ ಸೇದೋಗ!" ಎಂದು ಶಪಿಸಿ ಮಗ ಸಿದ್ದರಾಜುವಿನ ಕಡೆ ತಿರುಗಿದಳು. "ನಾನು ಸೊಸೆಯಾಗಿ ಬಂದಾಗ್ನಿಂದ ಒಂದು ನರಪಿಳ್ಳೆ ಈ ಕಡೆ ತಲೆ ಆಕಿರ್ನಿಲ್ಲ. ಈಗ್ಯಾರ್ಲಾ ದಾರಿ ಏಳ್ಕೊಟ್ಟೋರು?"

ಸಿದ್ದರಾಜು ಬಗ್ಗಿ ಕಲ್ಲಿನ ಮಣ್ಣು ಒರೆಸತೊಡಗಿದ. ಹೇಳಿಕೊಟ್ಟವನು ಅವನೇ.

ಹಾಲಿನ ಡೈರಿಯ ಸೆಕ್ರೆಟರಿ ಅವನು, ಆದರೆ ತಲೆತುಂಬ ಶಾಸನದ ಹುಚ್ಚು. ತೊಂಬತ್ಮೂರರಲ್ಲಿ ಮೈಸೂರಿನ ಕಾದಂಬರಿಕಾರರೊಬ್ಬರು ಬಂದು, ಮಾಯಾಲೋಕದ ಕಾದಂಬರಿ ಮಾಲೆ ಬರೆಯುತ್ತಿದ್ದೇನೆ, ಹಳೆಯ ಜಾಗ, ಹಳೆಯ ಮಾತು ಬೇಕು ಎಂದಾಗ ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಲೂನಾದಲ್ಲಿ ಕೂರಿಸಿಕೊಂಡು ಗೋವಿಂದನಹಳ್ಳಿಯ ಗುಡಿಯೆಲ್ಲ ಸುತ್ತಿಸಿದ. ಕೊನೆಗೆ ಈ ಕಲ್ಲಿನ ಮುಂದೆ ನಿಲ್ಲಿಸಿ, ಒಡೆಯ ಸತ್ತರೆ ತಾನೂ ಸಾಯುತ್ತೇನೆಂದು ಆಣೆಯಿಟ್ಟ ಬಂಟನೇ ಲೆಂಕ, ನಮ್ಮ ಹಿರೀಕ ಆ ಮಾತು ಉಳಿಸಿಕೊಂಡವನು ಎಂದು ಎದೆಯುಬ್ಬಿಸಿ ಹೇಳಿದ.

"ಊರಿನ ಹೆಸರು ಬದಲಾಯಿಸ್ತೀನಪ್ಪ, ಸುಮ್ಮನೆ ತೊಂದರೆ," ಎಂದರು ಅವರು.

"ಬ್ಯಾಡಿ ಸಾ! ನಮ್ಮೂರು ಅಂತ ಒಂದದೆ ಅಂತ ನಾಕು ಜನಕ್ಕೆ ಗೊತ್ತಾಗ್ಲಿ. ಅಕ್ಕಿಹೆಬ್ಬಾಳು ಟೇಸನ್ನಿಂದ ದಾರಿ ಸಮೇತ ಆಕಿ."

ಹಾಕಿದರು. ನಾಲ್ಕನೆಯ ಪುಸ್ತಕದಲ್ಲಿ ದಾರಿ ಇತ್ತು, ಹುಣಸೆಮರ ಇತ್ತು, ಕಲ್ಲೂ ಇತ್ತು. ಕಲ್ಲಿನ ಕೆಳಗೊಂದು ನಾಗರತ್ನವನ್ನು ಮಾತ್ರ ತಮ್ಮ ಕಡೆಯಿಂದ ಸೇರಿಸಿದ್ದರು. ಅದನ್ನು ಓದಿ ಈ ದಡ್ಡ ಸಿದ್ದರಾಜು ಡೈರಿಗೆಲ್ಲ ಬೋಂಡ ಹಂಚಿದ್ದ!

ಈಗ ರಸ್ತೆಯಲ್ಲಿ ಸ್ಕೂಟರ್ ನಿಂತ ಸದ್ದಾಯಿತು. ಸಿದ್ದರಾಜು ಮರ ದಾಟಿ ಓಡಿದ. ಪಟ್ಟಣದ ಗಂಡ ಹೆಂಡತಿ. ಅವಳ ಕೈಯಲ್ಲಿ ಅದೇ ಪುಸ್ತಕ.

"ಲೆಂಕನ ಕಲ್ಲು ಇಲ್ಲೇ ಅಲ್ವಾ? ಈ ಊರಿನ ಸಿದ್ದರಾಜು ತೋರಿಸಿದ್ರು ಅಂತ ಮುನ್ನುಡಿಯಲ್ಲಿ ಬರೆದಿದಾರೆ. ಅವರ ಮನೆ ಎಲ್ಲಿ?"

ಸಿದ್ದರಾಜು ದಾರಿಗೆ ಅಡ್ಡ ನಿಂತ. "ಅಂಥೋರು ಯಾರೂ ಇಲ್ಲ ಕಣಮ್ಮ. ಕಲ್ಲೂ ಇಲ್ಲ, ಲೆಂಕನೂ ಇರ್ನಿಲ್ಲ. ಎಲ್ಲ ಕಟ್ಟುಕತೆ."

"ನಾನು ಹೇಳಿರಲಿಲ್ವಾ?" ಎಂದು ನಕ್ಕು ಗಂಡ ಸ್ಕೂಟರ್ ತಿರುಗಿಸಿದ.

ಸಿದ್ದರಾಜು ಹಿಂದಿರುಗಿದರೆ ಅವ್ವ ಮರದ ಪಕ್ಕದಲ್ಲೇ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಪತ್ರಿಕೆಯನ್ನು ಚೀಲಕ್ಕೆ ಹಾಕಿಕೊಂಡು ಹೊರಟಳು.

"ಅವ್ವ, ತುಂಡಿನ ಮುಂದಾದ್ರೂ ಮಡಗು. ನಮ್ಮ ಲೆಂಕಪ್ಪ ಅಲ್ವಾ?"

"ಯಾವ ಲೆಂಕಪ್ಪ? ಇರ್ನೇ ಇಲ್ಲ ಅಂದ್ಯಲ್ಲ."

ಬದುವಿನ ಮೇಲೆ ಮುಂದೆ ಮುಂದೆ ನಡೆದಳು. ಹಿಂದೆ ಬರುತ್ತಿದ್ದ ಮಗ ಎಡವಿ ಗದ್ದೆಗೆ ಬಿದ್ದ. ಅವಳು ತಿರುಗಿ ನೋಡಲಿಲ್ಲ.